ರೆಗೊಲಿತ್‌ಗೆ ‘ಮಣ್ಣು’ ಸಾಕೇ? ‘ಹುಡಿನೆಲ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಚಂದ್ರ, ಮಂಗಳದಂಥ ಕಡೆ ಹೋದವರು ಅಲ್ಲಿನ ನೆಲದಿಂದಲೇ ಉಸಿರಿಗೆ ಆಮ್ಲಜನಕ, ಕುಡಿಯಲು ನೀರು, ಕಟ್ಟಲು ಇಟ್ಟಿಗೆ ಮಾಡಿಕೊಳ್ಳುವುದು ಹೇಗೆ ಅನ್ನೋದು ಅದರ ವಿಷಯ. ಒಂದು ಪದ ಮಾತ್ರ ಪುಟಪುಟಕ್ಕೂ ಕೈ ಕಟ್ಟಿಹಾಕುತ್ತಿದೆ: ರೆಗೊಲಿತ್, ಅಂದರೆ ಗಟ್ಟಿ ಬಂಡೆಯ ಮೇಲೆ ಹಾಸಿಕೊಂಡಿರುವ ಸಡಿಲ ಪುಡಿ, ಚೂರು. ಪತ್ರಿಕೆಗಳಲ್ಲಿ ‘ಚಂದ್ರನ ಮಣ್ಣು’ ಅಂತ ಬರೆಯುತ್ತಾರೆ. ಓದಲು ಸಲೀಸಾಗಿದೆ, ನಿಜ. ಆದರೆ ಮಕ್ಕಳ ಪುಸ್ತಕದಲ್ಲಿ ಅದೊಂದೇ ಪದ ಇಟ್ಟುಕೊಂಡರೆ ಅವರು ದಾರಿ ತಪ್ಪುತ್ತಾರೆ ಅಂತ ನನಗೆ ಬಲವಾಗಿ ಅನಿಸುತ್ತಿದೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬದಲಿಗೆ ನನಗೆ ತೋಚಿದ ಪದಗಳನ್ನೂ ಮುಂದಿಡುತ್ತೇನೆ. ನಿಮ್ಮ ಊರ ಕಡೆಯ ಬಳಕೆ ಗೊತ್ತಾದರೆ ತುಂಬ ಉಪಕಾರವಾಗುತ್ತದೆ.

ಚಂದ್ರನ ಮೇಲೆ ಗಟ್ಟಿ ಬಂಡೆ ನೇರವಾಗಿ ಹೊರಗೆ ಕಾಣುವ ಜಾಗ ಕಡಿಮೆ. ಬಂಡೆಯ ಮೇಲೆ ಎಲ್ಲೆಲ್ಲೂ ಪುಡಿ, ಕಲ್ಲಿನ ಚೂರು, ದೊಡ್ಡ ಗುಂಡು ಎಲ್ಲ ಬೆರೆತ ಒಂದು ಸಡಿಲ ಹಾಸು ಇದೆ. ನಮಗೆ ಇಲ್ಲಿಂದ ಕಪ್ಪಗೆ ಕಾಣುವ ಬಯಲುಗಳಲ್ಲಿ ಅದು 4–5 ಮೀಟರ್ ದಪ್ಪ. ಬೆಳ್ಳಗೆ ಕಾಣುವ ಎತ್ತರದ ನಾಡಿನಲ್ಲಿ 10–15 ಮೀಟರ್. ಈ ಇಡೀ ಹಾಸಿನ ಹೆಸರೇ ರೆಗೊಲಿತ್. ಪದ ಕಟ್ಟಿದವರು ಅಮೆರಿಕದ ಭೂವಿಜ್ಞಾನಿ ಜಾರ್ಜ್ ಮೆರಿಲ್, 1897ರಲ್ಲಿ. ಗ್ರೀಕಿನಲ್ಲಿ ‘ರೆಗೋಸ್’ ಅಂದರೆ ಕಂಬಳಿ, ಹೊದಿಕೆ. ‘ಲಿಥೋಸ್’ ಅಂದರೆ ಕಲ್ಲು. ಮೆರಿಲ್ ಇದನ್ನು ಕಟ್ಟಿದ್ದು ನಮ್ಮ ಭೂಮಿಗಾಗಿ. ಬಂಡೆಯ ಮೇಲೆ ಸಡಿಲವಾಗಿ ಬಿದ್ದಿರುವ ಎಲ್ಲವೂ ಅವರ ಲೆಕ್ಕದಲ್ಲಿ ರೆಗೊಲಿತ್. ಹೊಲದ ಮಣ್ಣು ಅದರ ಮೇಲಿನ ಒಂದು ಪದರ ಅಷ್ಟೆ.

ಭಾಗದ ಹೆಸರನ್ನು ಇಡಿಯದಕ್ಕೆ ಕೊಡುವುದು ನುಡಿಯಲ್ಲಿ ಹೊಸದೇನಲ್ಲ. ಆದರೆ ಚಂದ್ರನಲ್ಲಿ ಆ ಭಾಗವೇ ಇಲ್ಲವಲ್ಲ! ಅಲ್ಲಿ ಬಂಡೆಯನ್ನು ಪುಡಿ ಮಾಡಿದ್ದು ಮಳೆಯಲ್ಲ, ಬೇರಲ್ಲ, ಎರೆಹುಳವಲ್ಲ. ಕೋಟ್ಯಂತರ ವರ್ಷಗಳಿಂದ ಬಂದು ಬಡಿಯುತ್ತಿರುವ ಉಲ್ಕೆಗಳು. ದೊಡ್ಡವು ಬಂಡೆ ಒಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು ಪುಡಿಯನ್ನೇ ಮತ್ತೆ ಬಡಿದು, ಒಂದಿಷ್ಟನ್ನು ಕರಗಿಸಿ, ಗಾಜಿನಿಂದ ಅಂಟಿಸಿ ಮುದ್ದೆ ಮಾಡುತ್ತವೆ. ಕಣಗಳು ಹೆಚ್ಚಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣವು. ಅಂಚುಗಳು ಚೂಪು. ನೀರಲ್ಲಿ ಉರುಳಿಲ್ಲ, ಗಾಳಿಯಲ್ಲಿ ಸವೆದಿಲ್ಲ. ನಮ್ಮ ಜಲ್ಲಿ ಕ್ರಷರಿನ ಕೆಳಗೆ ಬೀಳುವ ಕಲ್ಲುಪುಡಿಯನ್ನು ಕೈಯಲ್ಲಿ ತಿಕ್ಕಿದವರಿಗೆ ಆ ಒರಟುತನ ಅಂದಾಜಾಗಬಹುದು. 1972ರಲ್ಲಿ ಅಮೆರಿಕದ ಅಪೊಲೊ 17 ಯಾತ್ರೆಯಲ್ಲಿ ಚಂದ್ರನಿಗೆ ಹೋದ ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್ ಅವರಿಗೆ ನೌಕೆಯೊಳಗೆ ಈ ದೂಳು ಮೂಗಿಗೆ ಹೋಗಿ ನೆಗಡಿಯಂತೆ ಕಾಡಿತು. ಬಟ್ಟೆಗೆ ಅಂಟಿದ್ದು ಕೊಡವಿದರೂ ಬಿಡುತ್ತಿರಲಿಲ್ಲ.

ಈಗ ನಮ್ಮ ‘ಮಣ್ಣು’ ನೋಡಿ. ಈ ಪದದ ಒಳಗೆ ನೀರಿದೆ, ಜೀವ ಇದೆ. ‘ಮಣ್ಣು ಹದವಾಗಿದೆ’ ಅಂದರೆ ಬಿತ್ತಬಹುದು ಅಂತ ಅರ್ಥ. ಗೊಬ್ಬರ ಸುರಿದು ಸುರಿದು ಹಾಳಾದ ಹೊಲದ ಬಗ್ಗೆ ‘ಮಣ್ಣು ಸತ್ತುಹೋಗಿದೆ’ ಅಂತ ರೈತರು ಹೇಳುತ್ತಾರೆ. ಅಂದರೆ ಅದು ಬದುಕಿದ್ದಿರಬೇಕು ಅನ್ನುವುದು ನಮ್ಮ ಮಾತಿನೊಳಗೇ ಇದೆ. ಎರೆ, ಕೆಮ್ಮಣ್ಣು, ಜೇಡಿ, ಮೆಕ್ಕಲು, ಕೆರೆಯ ಗೋಡು ಯಾವುದನ್ನೇ ತೆಗೆದುಕೊಳ್ಳಿ, ನೀರಿನ ಕೈ ತಾಗದ್ದು ಒಂದೂ ಇಲ್ಲ. ನನ್ನ ಕರಡು ಓದಿದ ಒಬ್ಬ ಹುಡುಗಿ, ‘ಮಣ್ಣಿದೆ ಅಂದಮೇಲೆ ನೀರು ತಗೊಂಡು ಹೋದರೆ ರಾಗಿ ಬೆಳೀಬಹುದಲ್ವಾ?’ ಅಂತ ಕೇಳಿದಳು. ಅವಳ ತರ್ಕ ಸರಿಯಾಗಿಯೇ ಇದೆ. ಅವಳನ್ನು ಅಲ್ಲಿಗೆ ಕೊಂಡೊಯ್ದದ್ದು ಪದ.

ನಿಜಕ್ಕೂ ಆ ಪ್ರಯೋಗ ನಡೆದಿದೆ. 2022ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಪೊಲೊ 11, 12 ಮತ್ತು 17ರಲ್ಲಿ ತಂದಿದ್ದ ಪುಡಿಯಲ್ಲಿ ಬೀಜ ಹಾಕಿದರು. ಸಾಸಿವೆ ಕುಲದ ಅರಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡ. ನೀರು ಕೊಟ್ಟರು, ಪೋಷಕಾಂಶವನ್ನೂ ಹೊರಗಿನಿಂದಲೇ ಕೊಟ್ಟರು. ಬೀಜ ಮೊಳೆತವು. ಆಮೇಲೆ ಗಿಡಗಳು ಸೊರಗಿದವು, ಬೇರು ಮೊಟಕಾಯಿತು, ಕೆಲವು ಎಲೆ ಕೆಂಪಗಾದವು. ಚಂದ್ರನ ಮೇಲ್ಮೈಯಲ್ಲಿ ಹೆಚ್ಚು ಕಾಲ ತೆರೆದುಕೊಂಡಿದ್ದ ಅಪೊಲೊ 11ರ ಪುಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸೊರಗಿದವು. ಬೀಜ ಮೊಳೆತದ್ದು ದೊಡ್ಡ ಸುದ್ದಿಯೇ, ನನಗೂ ಓದಿ ಮೈ ಜುಂ ಅಂದಿತ್ತು. ಆದರೆ ಆ ಪುಡಿ ಮಣ್ಣಾಗಬೇಕಾದರೆ ಇನ್ನೂ ಏನೇನೋ ಆಗಬೇಕು. ‘ಚಂದ್ರನ ಮಣ್ಣಲ್ಲಿ ಗಿಡ ಬೆಳೆಯಿತು’ ಅಂತ ಬರೆದರೆ ಆ ದೂರ ಕಾಣುವುದೇ ಇಲ್ಲ.

ಒಂದು ಮಾತನ್ನು ಎದುರು ಪಕ್ಷದ ಪರವಾಗಿ ಹೇಳಲೇಬೇಕು. ಚಂದ್ರನ ಕೆಲಸ ಮಾಡುವ ವಿಜ್ಞಾನಿಗಳೂ ಇಂಗ್ಲಿಷಿನಲ್ಲಿ ‘ಸಾಯಿಲ್’ ಅನ್ನುತ್ತಾರೆ. ಆದರೆ ಅವರಲ್ಲಿ ಅದಕ್ಕೊಂದು ಗಡಿ ಇದೆ. ಇಡೀ ಹಾಸು ರೆಗೊಲಿತ್. ಅದರಲ್ಲಿ ಒಂದು ಸೆಂಟಿಮೀಟರಿಗಿಂತ ಸಣ್ಣದಷ್ಟೇ ಸಾಯಿಲ್. ಅದರಲ್ಲೂ ತೀರಾ ನುಣ್ಣಗಿರುವುದು ಡಸ್ಟ್. ಹೀಗೆ ಮೂರು ಮಟ್ಟ. ನಮ್ಮಲ್ಲಿ ಮೂರಕ್ಕೂ ‘ಮಣ್ಣು’ ಹಾಕಿದರೆ ‘ಮಣ್ಣಿನಲ್ಲಿರುವ ಮಣ್ಣಿನ ಮಣ್ಣು’ ಅನ್ನೋ ಥರ ವಾಕ್ಯ ಬರೆಯಬೇಕಾಗುತ್ತದೆ. ಮೂರಕ್ಕೆ ಮೂರು ಪದ ಬೇಕು.

ನುಣ್ಣಗಿರುವುದಕ್ಕೆ ‘ದೂಳು’ ಇದೆ, ಚರ್ಚೆ ಬೇಡ. ಉಳಿದೆರಡಕ್ಕೆ ಹುಡುಕಿದೆ. ಮರಳು, ಉಸುಕು, ಹೊಯ್ಗೆ ಮೂರೂ ನೀರು ಉರುಳಿಸಿ ನಯ ಮಾಡಿದ್ದನ್ನೇ ನೆನಪಿಗೆ ತರುತ್ತವೆ. ಕಣವೂ ದಪ್ಪ. ‘ಗರಸು’ ಚೆಂದದ ಪದ, ಆದರೆ ಬಹಳ ಒರಟು. ‘ನುಚ್ಚು’ ಅನ್ನೋದನ್ನು ಕಲ್ಲಿಗೆ ಹಚ್ಚಿ ‘ಕಲ್ನುಚ್ಚು’ ಮಾಡಬಹುದು. ಅದು ಸಣ್ಣ ಚೂರಿಗೆ ಹೊಂದುತ್ತದೆ, ಪುಡಿಗೆ ಹೊಂದುವುದಿಲ್ಲ. ಗ್ರೀಕನ್ನೇ ಹಿಡಿದು ‘ಹೊದಿಕೆಗಲ್ಲು’ ಅಂದರೆ ಚಪ್ಪಡಿ ಹೊದಿಸಿದ ಹಾಗೆ ಕೇಳಿಸುತ್ತದೆ.

ಕೊನೆಗೆ ನಾನು ನಿಂತದ್ದು ‘ಹುಡಿ’ಯ ಹತ್ತಿರ. ಹಳಗನ್ನಡದ ‘ಪುಡಿ’ಯೇ ಇದು, ‘ಪಾಲು’ ‘ಹಾಲು’ ಆದ ಹಾಗೆ. ವಿಶೇಷ ಏನೆಂದರೆ ಇಲ್ಲಿ ಎರಡು ರೂಪವೂ ಉಳಿದಿವೆ. ಮೈಸೂರಿನ ಅಡುಗೆಮನೆಯಲ್ಲಿ ಸಾರಿನ ಪುಡಿ, ಮಂಗಳೂರಿನಲ್ಲಿ ಸಾರಿನ ಹುಡಿ. ‘ಹುಡಿಮಣ್ಣು’ ಅಂತೂ ಎಷ್ಟೋ ಕಡೆ ಇದೆ. ಹೀಗೆ ಎರಡಿದ್ದಾಗ ಒಂದನ್ನು ಅಡುಗೆಗೆ ಬಿಟ್ಟು ಇನ್ನೊಂದನ್ನು ಈ ಕೆಲಸಕ್ಕೆ ಎತ್ತಿಕೊಳ್ಳಬಹುದು. ಆದ್ದರಿಂದ ನನ್ನ ಸಲಹೆ: ಇಡೀ ಹಾಸಿಗೆ ‘ಹುಡಿನೆಲ’, ಕೈಗೆ ಸಿಗುವ ವಸ್ತುವಿಗೆ ‘ಕಲ್ಲುಹುಡಿ’. ‘ಹುಡಿನೆಲದ ದಪ್ಪ 10 ಮೀಟರ್’ ಅನ್ನಬಹುದು. ‘ಅಪೊಲೊದ ಆರು ಯಾತ್ರೆಗಳು ಸೇರಿ 382 ಕಿಲೋ ಕಲ್ಲು, ಕಲ್ಲುಹುಡಿ ತಂದವು’ ಅನ್ನಬಹುದು. ‘ಒಂದು ಕಿಲೋ ಹುಡಿನೆಲ’ ಅನ್ನಲಾಗದು, ಅದಕ್ಕೇ ಎರಡು ಪದ.

ಹುಡಿನೆಲಕ್ಕೆ ಹೊದಿಕೆಯ ಗುಣ ನಿಜವಾಗಿಯೂ ಇದೆ ಅನ್ನೋದಕ್ಕೆ ಒಳ್ಳೆಯ ಸಾಕ್ಷಿ ಕೊಟ್ಟದ್ದು ನಮ್ಮ ಚಂದ್ರಯಾನ-3. 2023ರ ಆಗಸ್ಟ್ 23ರಂದು ಅದು ಚಂದ್ರನ ದಕ್ಷಿಣದಲ್ಲಿ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ ಇಳಿಯಿತು. ವಿಕ್ರಮ್ ಲ್ಯಾಂಡರಿನಲ್ಲಿದ್ದ ‘ಚಾಸ್ಟೆ’ ಅನ್ನುವ ಉಪಕರಣ ಹತ್ತು ಸಂವೇದಕಗಳಿದ್ದ ಒಂದು ಸೂಜಿಯನ್ನು ನೆಲಕ್ಕೆ ಇಳಿಸಿ ಬಿಸಿ ಅಳೆಯಿತು. ಮೇಲೆ 50 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10 ಡಿಗ್ರಿ! ಒಂದು ಗೇಣಿನ ಅರ್ಧದೊಳಗೆ ಇಷ್ಟು ವ್ಯತ್ಯಾಸ. ಬಿಸಿಯನ್ನು ಕೆಳಗೆ ಬಿಡದ ಈ ಗುಣ ಮುಂದೆ ಅಲ್ಲಿ ಮನೆ ಕಟ್ಟುವವರಿಗೆ ದೊಡ್ಡ ಆಸರೆ. ಮನೆಯ ಮೇಲೆ ಕಲ್ಲುಹುಡಿಯನ್ನು ದಪ್ಪಗೆ ಹೊದಿಸಿದರೆ ಬಿಸಿ, ಚಳಿ, ವಿಕಿರಣ, ಸಣ್ಣ ಉಲ್ಕೆ ಎಲ್ಲದರಿಂದ ಕಾಪಾಡುತ್ತದೆ. ಇಲ್ಲಿ ಕ್ರಿಯಾಪದವಾಗಿ ‘ಹೊದಿಸು’ ಚೆನ್ನಾಗಿದೆ ಅಂತ ನನ್ನ ಅನಿಸಿಕೆ. ಮೆರಿಲ್ ಅವರ ಕಂಬಳಿ ಹೀಗೆ ಹಿಂಬಾಗಿಲಿನಿಂದ ಬಂದು ಸೇರುತ್ತದೆ.

ಇನ್ನು ಆಮ್ಲಜನಕದ ವಿಷಯ. ಇಲ್ಲಿ ನನಗೆ ನಾಮಪದಕ್ಕಿಂತ ಕ್ರಿಯಾಪದವೇ ಹೆಚ್ಚು ತಲೆ ತಿಂದಿದೆ. ಚಂದ್ರನ ಕಲ್ಲುಹುಡಿಯ ತೂಕದಲ್ಲಿ ಶೇಕಡ 40ಕ್ಕೂ ಜಾಸ್ತಿ ಆಮ್ಲಜನಕ. ಕೇಳಿದವರಿಗೆ ಗಾಳಿ ಹುಡಿಯ ಸಂದಿಯಲ್ಲಿ ತುಂಬಿಕೊಂಡಿದೆ ಅನ್ನಿಸಬಹುದು. ಹಾಗಿಲ್ಲ. ಅದು ಸಿಲಿಕಾನ್, ಅಲ್ಯುಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಟೈಟಾನಿಯಂಗಳ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿದೆ. ‘ಹೊರತೆಗೆಯುವುದು’, ‘ಹೀರುವುದು’ ಅಂತ ಬರೆದರೆ ಪಂಪು ಹಾಕಿದರೆ ಸಾಕು ಅನ್ನೋ ಚಿತ್ರ ಮೂಡುತ್ತದೆ. ಕಟ್ಟು ಬಿಚ್ಚುವ ಕೆಲಸ ಇದು. ಅದಕ್ಕೆ ‘ಬಿಡಿಸು’ ಸರಿ. ‘ಕಲ್ಲುಹುಡಿಯಿಂದ ಆಮ್ಲಜನಕ ಬಿಡಿಸುವುದು.’ ಬಿಡಿಸಲು ಶಕ್ತಿ ಬೇಕು ಅನ್ನೋದೂ ಆ ಪದದಲ್ಲೇ ಬಂದುಬಿಡುತ್ತದೆ.

ಎಷ್ಟು ಶಕ್ತಿ ಅಂದರೆ, ಇಲ್ಮನೈಟ್ ಅನ್ನುವ ಖನಿಜ ತೆಗೆದುಕೊಳ್ಳಿ. ಕಬ್ಬಿಣ, ಟೈಟಾನಿಯಂ, ಆಮ್ಲಜನಕ ಸೇರಿದ್ದು ಅದು. ಕೇರಳದ ಕಡಲತೀರದ ಕಪ್ಪು ಮರಳಿನಲ್ಲೂ ಇದೆ. ಚಂದ್ರನ ಕಪ್ಪು ಬಯಲುಗಳಲ್ಲಿ ಹೇರಳ. ಇದನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಮೇಲೆ ಜಲಜನಕ ಹಾಯಿಸಿದರೆ, ಜಲಜನಕ ಕಬ್ಬಿಣದ ಕೈಯಿಂದ ಆಮ್ಲಜನಕ ಬಿಡಿಸಿಕೊಂಡು ನೀರಾಗುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದರೆ ಆಮ್ಲಜನಕ ನಮಗೆ, ಜಲಜನಕ ಮತ್ತೆ ಮೊದಲಿನ ಕೆಲಸಕ್ಕೆ. ಇನ್ನೊಂದು ದಾರಿ, ಕರಗಿದ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನಲ್ಲಿ 950 ಡಿಗ್ರಿಯ ಹತ್ತಿರ ಕಲ್ಲುಹುಡಿಯನ್ನು ಮುಳುಗಿಸಿ ವಿದ್ಯುತ್ ಹಾಯಿಸುವುದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ನೆದರ್ಲೆಂಡ್ಸಿನ ತನ್ನ ಕೇಂದ್ರದಲ್ಲಿ ಇದನ್ನು ಪ್ರಯೋಗ ಮಾಡುತ್ತಿದೆ. ಅಲ್ಲಿ ಆಮ್ಲಜನಕ ಹೋದಮೇಲೆ ಉಳಿಯುವುದು ಲೋಹಗಳ ಬೆರಕೆ.

ಆ ಉಳಿಕೆಗೆ ಏನನ್ನಬೇಕು? ‘ಕಿಟ್ಟ’ ಅಂತ ಮೊದಲು ಬರೆದುಕೊಂಡಿದ್ದೆ. ಕಬ್ಬಿಣ ಕರಗಿಸಿದಾಗ ಬರುವ ಕಸಕ್ಕೆ ನಮ್ಮಲ್ಲಿ ಹಿಂದಿನಿಂದ ಇರುವ ಪದ. ಈಗ ಬೇಡ ಅನಿಸುತ್ತಿದೆ. ಕಿಟ್ಟ ಅಂದರೆ ಎಸೆಯುವಂಥದ್ದು. ಇಲ್ಲಿ ಉಳಿದದ್ದು ಲೋಹ, ಅದೂ ಬೇಕಾದದ್ದೇ. ಇದೇ ಕಾರಣಕ್ಕೆ ‘ಅದಿರು’ ಅನ್ನೋದನ್ನೂ ನೋಡಿಕೊಂಡು ಬಳಸಬೇಕು. ಅದಿರು ಅಂದಕೂಡಲೇ ನಮ್ಮ ಕಣ್ಣಿಗೆ ಲೋಹ ಬರುತ್ತದೆ. ಚಂದ್ರನಲ್ಲಿ ಮೊದಲ ಬೆಳೆ ಆಮ್ಲಜನಕ. ‘ಆಮ್ಲಜನಕದ ಅದಿರು’ ಅಂತ ಬಿಡಿಸಿ ಹೇಳಿದರೆ ಮಕ್ಕಳಿಗೆ ಒಂದು ಕ್ಷಣ ಅಚ್ಚರಿಯಾಗುತ್ತದೆ, ವಿಷಯವೂ ನಿಲ್ಲುತ್ತದೆ. ಹಾಗೇ ಇಟ್ಟುಕೊಳ್ಳೋಣ ಅಂತಿದ್ದೇನೆ.

ಇಟ್ಟಿಗೆಯ ಪದಗಳಲ್ಲಿ ಕನ್ನಡಕ್ಕೆ ಬರವೇ ಇಲ್ಲ. ಕರಗುವಷ್ಟು ಕಾಯಿಸದೆ, ಕಣಗಳು ಒಂದಕ್ಕೊಂದು ಅಂಟುವಷ್ಟೇ ಕಾಯಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಸಿಂಟರಿಂಗ್’ ಅನ್ನುತ್ತಾರೆ. ಇಟ್ಟಿಗೆ ಗೂಡಿನವರು ‘ಇಟ್ಟಿಗೆ ಬೆಂದಿದೆ’, ‘ಸರಿಯಾಗಿ ಬೆಂದಿಲ್ಲ’ ಅಂತ ಹೇಳುವುದು ಇದೇ ಕೆಲಸದ ಬಗ್ಗೆ. ‘ಸುಡು’ಗಿಂತ ‘ಬೇಯಿಸು’ ನನಗೆ ಇಷ್ಟ. ಸುಡಲು ಗಾಳಿ ಬೇಕು, ಚಂದ್ರನಲ್ಲಿ ಅದಿಲ್ಲ. ಬೇಯಿಸಲು ಬಿಸಿ ಸಾಕು: ಬಿಸಿಲನ್ನು ಒಂದೆಡೆ ಸೇರಿಸಿ, ಲೇಸರ್ ಹಾಯಿಸಿ, ಮೈಕ್ರೋವೇವ್ ಹಾಯಿಸಿ ಹೇಗಾದರೂ ಮಾಡಬಹುದು.

ಬೇಯಿಸದೆಯೂ ಇಟ್ಟಿಗೆ ಮಾಡಬಹುದು ಅಂತ ತೋರಿಸಿದವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ಅವರ ತಂಡ, ಇಸ್ರೋದವರ ಜೊತೆ ಸೇರಿ, 2020ರಲ್ಲಿ ಇದನ್ನು ಪ್ರಕಟಿಸಿತು. ಸ್ಪೊರೊಸಾರ್ಸಿನಾ ಪಾಶ್ಚರಿ ಅನ್ನುವ ಬ್ಯಾಕ್ಟೀರಿಯಾ, ಯೂರಿಯಾ, ಕ್ಯಾಲ್ಸಿಯಂ, ಜೊತೆಗೆ ಗೋರಿಕಾಯಿ ಬೀಜದ ಅಂಟು. ಉತ್ತರ ಕರ್ನಾಟಕದವರ ಚವಳಿಕಾಯಿ ಇದೇ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ, ಅದರಿಂದ ಕಣಗಳ ನಡುವೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ, ಹುಡಿ ಗಟ್ಟಿಯಾಗುತ್ತದೆ. 2022ರಲ್ಲಿ ಇದನ್ನೇ ಮಂಗಳದ ಮಾದರಿಗೂ ಮಾಡಿದರು. ಅಲ್ಲಿನ ಹುಡಿಯಲ್ಲಿ ಕಬ್ಬಿಣ ಜಾಸ್ತಿ, ಬ್ಯಾಕ್ಟೀರಿಯಾಕ್ಕೆ ಅದು ವಿಷ. ನಿಕಲ್ ಕ್ಲೋರೈಡ್ ಬೆರೆಸಿದಾಗ ಕೆಲಸ ಸಾಗಿತು. ಈ ಇಟ್ಟಿಗೆಯನ್ನು ಏನಂತ ಕರೆಯೋಣ? ‘ಹಸಿ ಇಟ್ಟಿಗೆ’ ಅಂದರೆ ಸುಡದೆ ಇಟ್ಟದ್ದು, ಮಳೆಗೆ ಕರಗುವಂಥದ್ದು. ಇದು ಅದಲ್ಲ. ‘ಜೈವಿಕ ಇಟ್ಟಿಗೆ’ ಅಂತ ಕೆಲವರು ಬರೆಯಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ನನಗೆ ‘ಗಾರೆ ಇಟ್ಟಿಗೆ’ ಹೊಳೆದಿದೆ. ಹಳೆಯ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಯೇ. ಇಲ್ಲಿ ಬ್ಯಾಕ್ಟೀರಿಯಾ ಕಟ್ಟುವುದೂ ಅದೇ ವಸ್ತು. ರಸಾಯನಶಾಸ್ತ್ರ ಬಲ್ಲವರು ಇದಕ್ಕೆ ಏನನ್ನುತ್ತೀರಿ?

ಇಟ್ಟಿಗೆಯ ಈ ಪ್ರಯೋಗಗಳಲ್ಲಿ ಬಳಸಿದ್ದು ಚಂದ್ರನ ಅಸಲು ಹುಡಿಯಲ್ಲ. ಅದೇ ಗುಣ ಬರುವ ಹಾಗೆ ಭೂಮಿಯ ಕಲ್ಲಿನಿಂದ ಮಾಡಿದ್ದು. ಇಂಗ್ಲಿಷಿನಲ್ಲಿ ‘ಸಿಮ್ಯುಲೆಂಟ್’. ‘ನಕಲಿ ಮಣ್ಣು’ ಅಂತ ಬರೆದರೆ ಮೋಸದ ವಾಸನೆ ಬರುತ್ತದೆ. ‘ಕೃತಕ ಮಣ್ಣು’ ಅಂದರೆ ಪ್ರಯೋಗಾಲಯದಲ್ಲಿ ಶೂನ್ಯದಿಂದ ತಯಾರಿಸಿದ ಹಾಗೆ. ನಮ್ಮ ಪತ್ರಿಕೆಗಳಲ್ಲಿ ‘ಅಣಕು ಕಾರ್ಯಾಚರಣೆ’, ‘ಅಣಕು ಪರೀಕ್ಷೆ’ ಚೆನ್ನಾಗಿ ನೆಲೆಯೂರಿವೆ. ಅದೇ ದಾರಿಯಲ್ಲಿ ‘ಅಣಕು ಹುಡಿ’ ಅನ್ನಬಹುದಲ್ವಾ? ಇಸ್ರೋ ತನ್ನ ಅಣಕು ಹುಡಿಗೆ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಕಲ್ಲನ್ನು ಬಳಸಿತು. ಅನಾರ್ಥೊಸೈಟ್ ಅನ್ನುವ ಬಿಳಿಚು ಕಲ್ಲು ಅದು, ಚಂದ್ರನ ಎತ್ತರದ ನಾಡಿನ ಕಲ್ಲಿಗೆ ತುಂಬ ಹತ್ತಿರ. ತಯಾರಿಸುವ ವಿಧಾನಕ್ಕೆ 2020ರಲ್ಲಿ ಪೇಟೆಂಟ್ ಸಿಕ್ಕಿತು. ನಾಸಾದ ಜೆಎಸ್‌ಸಿ-1ಎ ಅನ್ನುವ ಅಣಕು ಹುಡಿ ಮಾಡಿದ್ದು ಅಮೆರಿಕದ ಅರಿಜೋನಾದ ಜ್ವಾಲಾಮುಖಿ ಬೂದಿಯಿಂದ, ಅದು ಕಪ್ಪು ಬಯಲಿನ ಹುಡಿಯನ್ನು ಹೋಲುತ್ತದೆ. ಚಂದ್ರನ ಯಾವ ಭಾಗದ ಅಣಕು ಅನ್ನೋದೂ ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ.

ಈ ಇಡೀ ವಿದ್ಯೆಗೆ ಹೆಸರಾಗಿ ‘ಸ್ಥಳೀಯ ಸಂಪನ್ಮೂಲ ಬಳಕೆ’ ಅಂತ ಅನುವಾದ ಓಡಾಡುವುದುಂಟು. ತಪ್ಪಿಲ್ಲ, ಆದರೆ ‘ಸ್ಥಳೀಯ’ ಅಂದರೆ ಪಂಚಾಯಿತಿ ಕಣ್ಣಮುಂದೆ ಬರುತ್ತದೆ. ಸುಮ್ನೆ ‘ಅಲ್ಲಿ ಸಿಗುವುದನ್ನೇ ಬಳಸುವುದು’ ಅಂತ ಬರೆದರೆ ಸಾಕು ಅನ್ನೋದು ನನ್ನ ನಿಲುವು. ಇದರೊಳಗೆ ಹುಡಿಯೊಂದೇ ಅಲ್ಲ, ಗಾಳಿಯೂ ಐಸೂ ಬರುತ್ತವೆ. ಮಂಗಳದಲ್ಲಿ ಪರ್ಸಿವಿಯರೆನ್ಸ್ ರೋವರಿನ ‘ಮಾಕ್ಸಿ’ ಉಪಕರಣ 2021ರಿಂದ 2023ರ ನಡುವೆ ಒಟ್ಟು 122 ಗ್ರಾಂ ಆಮ್ಲಜನಕ ಮಾಡಿತು. ಅದು ಅಲ್ಲಿನ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಬಿಡಿಸಿದ್ದು, ನೆಲದಿಂದಲ್ಲ. ಚಂದ್ರನ ದಕ್ಷಿಣ ಧ್ರುವದ ಹತ್ತಿರದ ಕೆಬಿಯಸ್ ಕುಳಿಗೆ 2009ರಲ್ಲಿ ನಾಸಾ ಒಂದು ರಾಕೆಟ್ ಭಾಗವನ್ನು ಬೀಳಿಸಿ ಎದ್ದ ದೂಳನ್ನು ನೋಡಿದಾಗ, ಅಲ್ಲಿನ ಹುಡಿಯ ತೂಕದಲ್ಲಿ ಶೇಕಡ 5ರ ಆಸುಪಾಸು ನೀರು ಇದೆ ಅಂತ ಲೆಕ್ಕ ಸಿಕ್ಕಿತು. ಅದಕ್ಕೆ ‘ಹಸಿ’ ಅನ್ನಲಾಗದು, ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ‘ಐಸು ಬೆರೆತ ಹುಡಿನೆಲ’ ಅಂತಲೇ ಇಟ್ಟಿದ್ದೇನೆ.

ಹುಡಿನೆಲ ಪದಕ್ಕೆ ನನಗೆ ಕಾಣುವ ನಿಜವಾದ ತೊಡಕು ಒಂದಿದೆ. ಬೆನ್ನು ಅನ್ನುವ ಪುಟ್ಟ ಆಕಾಶಕಾಯದ ಮೇಲೆ 2020ರ ಅಕ್ಟೋಬರಿನಲ್ಲಿ ಒಸೈರಿಸ್-ರೆಕ್ಸ್ ನೌಕೆ ಕೈ ಚಾಚಿ ಮುಟ್ಟಿದಾಗ, ಕೈ ಅರ್ಧ ಮೀಟರಿನಷ್ಟು ಒಳಗೇ ಹೋಯಿತು. ಮೇಲ್ಮೈ ತಡೆಯಲೇ ಇಲ್ಲ. ಅಲ್ಲಿಂದ 121.6 ಗ್ರಾಂ ಹುಡಿ, ಚೂರು ಭೂಮಿಗೆ ಬಂದಿದೆ. ಕಾಲೂರಿದರೆ ನಿಲ್ಲದ್ದನ್ನು ‘ನೆಲ’ ಅನ್ನಬಹುದೇ? ‘ಹುಡಿಹಾಸು’ ಅಂದರೆ ಚಂದ್ರ, ಮಂಗಳ, ಬೆನ್ನು ಮೂರಕ್ಕೂ ಹೊಂದುತ್ತದೆ. ಆದರೆ ಮಾತಿನಲ್ಲಿ ‘ಹುಡಿನೆಲ’ದಷ್ಟು ಹಿಡಿತ ಅದಕ್ಕಿಲ್ಲ ಅಂತ ನನ್ನ ಕಿವಿಗೆ ಅನಿಸುತ್ತದೆ. ಎರಡನ್ನೂ ಜೋರಾಗಿ ಓದಿ ನೋಡಿ ನಿಮ್ಮ ಒಲವು ತಿಳಿಸಿ.

‘ಮಣ್ಣು’ ಪದವನ್ನು ಪುಸ್ತಕದಿಂದ ಓಡಿಸುವುದಿಲ್ಲ. ಕಲ್ಲುಹುಡಿಗೆ ನೀರು, ಗೊಬ್ಬರ, ಸೂಕ್ಷ್ಮಜೀವಿ ಸೇರಿಸಿ ಬೆಳೆ ನಿಲ್ಲುವ ಹಾಗೆ ಮಾಡುವ ಅಧ್ಯಾಯ ಬರುತ್ತದೆ. ಮಂಗಳದಲ್ಲಾದರೆ ಮೊದಲು ಪರ್ಕ್ಲೋರೇಟ್ ಅನ್ನುವ ವಿಷದ ಉಪ್ಪನ್ನು ತೊಳೆಯಬೇಕು. 2008ರಲ್ಲಿ ಫೀನಿಕ್ಸ್ ನೌಕೆ ಅದನ್ನು ಪತ್ತೆ ಮಾಡಿತ್ತು. ಇಷ್ಟೆಲ್ಲ ಆದಮೇಲೆ ಸಿಗುವುದನ್ನು ಮಾತ್ರ ಮಣ್ಣು ಅನ್ನುತ್ತೇನೆ. ಆ ಹುಡುಗಿಯ ರಾಗಿ ಪ್ರಶ್ನೆಗೆ ಉತ್ತರ ಅಲ್ಲಿ ಸಿಗಲಿ ಅಂತ ಆಸೆ.

ಕೊನೆಯದಾಗಿ, ಪದವೇ ಸಿಗದ ಒಂದು ವಸ್ತು. ಸಣ್ಣ ಉಲ್ಕೆ ಬಡಿದಾಗ ಹುಡಿ ಕರಗಿ, ಗಾಜು ಅಂಟಾಗಿ, ಅಡ್ಡಾದಿಡ್ಡಿ ಮುದ್ದೆಯಾಗುತ್ತದೆ ಅಂದೆನಲ್ಲ, ಅದಕ್ಕೆ ವಿಜ್ಞಾನದಲ್ಲಿ ‘ಅಗ್ಲುಟಿನೇಟ್’ ಅಂತ ಹೆಸರು. ಚಂದ್ರನ ಹುಡಿಯಲ್ಲಿ ಇದು ಧಾರಾಳ. ಇಟ್ಟಿಗೆ ಗೂಡಿನಲ್ಲಿ ಉರಿ ಮಿತಿಮೀರಿದಾಗ ಕೆಲವು ಇಟ್ಟಿಗೆ ಕರಗಿ, ಗಾಜಿನ ಹಾಗೆ ಹೊಳೆದು, ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಗೂಡಿನ ಕೆಲಸದವರು ಅದನ್ನು ಏನಂತ ಕರೆಯುತ್ತಾರೆ? ನೆಲಮಂಗಲ, ಮಾಲೂರು, ಗೋಕಾಕ, ಹಾವೇರಿ ಯಾವ ಕಡೆಯವರಾದರೂ ಸರಿ, ಗೂಡಿನವರನ್ನೇ ಕೇಳಿ ಬರೆದು ತಿಳಿಸುತ್ತೀರಾ?